ಬರ್ಚ್ ಎಲೆಯ ಗೂಡುಹುಳು: ಒಂದೇ ಪತಂಗಕ್ಕೆ ಎರಡು ಕುಲದ ಹೆಸರು, ಯಾವುದನ್ನು ಬರೆದುಕೊಳ್ಳಲಿ?

ಹಿತ್ತಲಮನೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನಲ್ಲಿ. ಮೇ ಕೊನೆಯಲ್ಲಿ ಹಿತ್ತಲಿನ ಬರ್ಚ್ ಮರದ ಎಲೆಯಡಿ ಜೀರಿಗೆಯಂಥ ಕಂದು ಗೂಡೊಂದು ಕಂಡಿತು. ಉದ್ದ ಆರೇಳು ಮಿಲಿಮೀಟರ್. ಎಲೆಯನ್ನು ಬೆಳಕಿಗೆ ಹಿಡಿದರೆ ಹಸಿರು ಖಾಲಿಯಾದ ತೆಳು ಕಲೆಗಳು, ಪ್ರತಿ ಕಲೆಯಲ್ಲೂ ಸೂಜಿ ಚುಚ್ಚಿದಂಥ ಒಂದು ತೂತು. ಡಬ್ಬಿಯಲ್ಲಿಟ್ಟು ಬರ್ಚ್ ಎಲೆ ಕೊಟ್ಟು ಸಾಕಿದೆ. ಜೂನ್ ಕೊನೆಗೆ ಬೂದುಗಂದು ಪತಂಗ ಹೊರಬಂತು. ಕುಳಿತಾಗ ಬಿಳಿ ಉಂಗುರಗಳಿರುವ ಮೀಸೆಗಳನ್ನು ನೇರ ಮುಂದಕ್ಕೆ ಚಾಚುತ್ತಿತ್ತು. ಕೆಲವು ದಿನಗಳಲ್ಲಿ ಸತ್ತಿತು, ಹಾಗೆಯೇ ಇಟ್ಟಿದ್ದೇನೆ.

ಫೋಟೊ ನೋಡಿದ ಆ್ಯಪ್ ಕೋಲಿಯೊಫೊರಾ ಕುಲದ (ಹತ್ತಿರದ ಪ್ರಭೇದಗಳ ಗುಂಪೇ ಕುಲ) ನಾಲ್ಕು ಪ್ರಭೇದಗಳ ಹೆಸರು ಕೊಟ್ಟಿತು: ಸೆರ್ರಟೆಲ್ಲ, ಸ್ಪಿನೆಲ್ಲ, ಕೊರಾಸಿಪೆನ್ನೆಲ್ಲ, ಪ್ರುನಿಫೋಲಿಯೆ. ಇನ್ನೊಂದು ಪಟ್ಟಿಯಲ್ಲಿ ಸೆರ್ರಟೆಲ್ಲ ಹ್ಯಾಪ್ಲೊಪ್ಟೀಲಿಯಾ ಎಂಬ ಕುಲದಲ್ಲಿದೆ. ಯಾವುದು ಸರಿ? ನಮ್ಮೂರ ಮನೆಗಳ ಗೋಡೆಯ ಮೇಲೆ ಸೌತೆಬೀಜದಂಥ ಗೂಡು ಎಳೆದುಕೊಂಡು ಹೋಗುವ ಹುಳು ಇದರ ನೆಂಟನೇ?

ಸೂಜಿಮೊನೆ:
ಮೊದಲು ಒಂದು ಮಾತು: ಖಾಲಿ ಗೂಡನ್ನೂ ಆ ಎಲೆಯನ್ನೂ ದಯವಿಟ್ಟು ಎಸೆಯಬೇಡಿ. ಅರ್ಧ ಉತ್ತರ ಅಲ್ಲಿಯೇ ಇದೆ.

ಆ ನಾಲ್ಕನ್ನು ರೆಕ್ಕೆ ನೋಡಿ ಬೇರ್ಪಡಿಸುವಂತಿಲ್ಲ, ಗೂಡುಗಳೂ ಒಂದೇ ಬಗೆಯವು. ಆದರೆ ಸೆರ್ರಟೆಲ್ಲ ಬಿಟ್ಟು ಉಳಿದ ಮೂರು ಸೇಬು, ಪ್ಲಮ್, ಹಾಥಾರ್ನ್‌ಗಳ ಗುಲಾಬಿ ಕುಟುಂಬದ ಮೇಲೆ ಬೆಳೆಯುವಂಥವು. ನಿಮ್ಮದು ತಿಂದದ್ದು ಬರ್ಚ್. ಆ್ಯಪ್‌ಗೆ ಇದು ಗೊತ್ತಿರಲಿಲ್ಲ, ನಿಮಗೆ ಗೊತ್ತಿದೆ. ಆದರೂ ಬರ್ಚ್ ಮೇಲೆ ಬಿಂಡರೆಲ್ಲ ಎಂಬ ಇನ್ನೊಂದು ಬರುತ್ತದೆ, ಅದರ ಗೂಡೂ ಹೀಗೆಯೇ. ಆದ್ದರಿಂದ ಇನ್ನೂ ಸೆರ್ರಟೆಲ್ಲ ಎಂದು ಬರೆಯಬೇಡಿ. ಪತಂಗದ ಹೊಟ್ಟೆಯ ಭಾಗವನ್ನು ಶೇಕಡಾ 10ರ ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಮೆದುಗೊಳಿಸಿ, ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಿಮ್ಮ ಕೌಂಟಿಯಲ್ಲಿ ಪತಂಗಗಳ ದಾಖಲೆ ನೋಡಿಕೊಳ್ಳುವವರು ಇರುತ್ತಾರೆ, ಅವರನ್ನು ಕೇಳಿ.

ಕಲೆಯ ತೂತಿನ ಕಥೆ ಹೇಳಲೇಬೇಕು. ಹುಳು ಗೂಡನ್ನು ಎಲೆಗೆ ರೇಷ್ಮೆಯಿಂದ ಬಿಗಿದು, ತೂತಿನೊಳಗೆ ಮೈ ಚಾಚಿ, ಎರಡು ಪದರಗಳ ನಡುವಿನ ತಿರುಳನ್ನು ಕೆರೆದು ತಿನ್ನುತ್ತದೆ. ಹಿಕ್ಕೆಯನ್ನು ಗೂಡಿನ ಹಿಂದಿನ ತುದಿಯಿಂದ ಹೊರಹಾಕುತ್ತದೆ. ಅದಕ್ಕೇ ಕಲೆ ಅಷ್ಟು ಶುಭ್ರ. ಕೋಲಿಯೊಫೊರಾ ಎಂದರೆ ಗ್ರೀಕಿನಲ್ಲಿ ಒರೆ ಹೊತ್ತದ್ದು, ಕೀಟತಜ್ಞ ಹ್ಯೂಬ್ನರ್ 1822ರಲ್ಲಿ ಇಟ್ಟ ಹೆಸರು.

ಗೋಡೆಯ ಸೌತೆಬೀಜದ ಹುಳು ಬಟ್ಟೆ ತಿನ್ನುವ ಪತಂಗಗಳ ಟಿನೈಡೇ ಕುಟುಂಬದ್ದು. ಗೂಡು ಹೊರುವ ಪಾಡು ಒಂದೇ, ವಂಶ ಬೇರೆ.

ಹಿತ್ತಲಮನೆ:
ತುಂಬ ಧನ್ಯವಾದ. ಹ್ಯಾಪ್ಲೊಪ್ಟೀಲಿಯಾ ತಪ್ಪು ಹೆಸರೇ ಹಾಗಾದರೆ?

ಸೂಜಿಮೊನೆ:
ತಪ್ಪಲ್ಲ, ಒಂದು ಅಭಿಪ್ರಾಯ. ಕೋಲಿಯೊಫೊರಾದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಪೋಲೆಂಡಿನ ಪತಂಗತಜ್ಞ ಟೋಲ್ ಅವನ್ನು ಗುಂಪುಗಳಾಗಿ ಜೋಡಿಸಿದ್ದರು. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಫಾಲ್ಕೋವಿಚ್, ರೊಮೇನಿಯಾದ ಕಪೂಶೆ ಅದನ್ನು ಹಲವು ಕುಲಗಳಾಗಿ ಒಡೆದರು. ಅವರ ಶ್ರಮದ ಮೇಲೆ ನನಗೆ ಬಹಳ ಗೌರವವಿದೆ; ಅವರು ಕಂಡ ಗುಂಪುಗಳಲ್ಲಿ ಹಲವು ನಿಜವಾದವೇ. ಆದರೆ ಅವಕ್ಕೆ ಕುಲದ ಪಟ್ಟ ಕಟ್ಟಬೇಕೇ ಎಂಬುದು ತಕರಾರು. ಕೆಲವರಿಗೆ ಬೇರೆ ಮನೆ ಮಾಡಿಕೊಟ್ಟರೆ, ಹಳೆಯ ಮನೆಯಲ್ಲಿ ಉಳಿದವರೂ ಒಂದೇ ತಾಯಿಯ ಮಕ್ಕಳಾಗಿರಬೇಕು. ಅಷ್ಟು ದೊಡ್ಡ ಸಂಸಾರದಲ್ಲಿ ಅದನ್ನು ತೋರಿಸುವುದು ಸುಲಭವಲ್ಲ. ಹಾಗಾಗಿ ಹೆಚ್ಚಿನವರು ಒಂದೇ ದೊಡ್ಡ ಕುಲಕ್ಕೆ ಮರಳಿದರು, ಕೆಲವು ಪಟ್ಟಿಗಳು ಮಾತ್ರ ಹೊಸ ಕುಲಗಳನ್ನು ಉಳಿಸಿಕೊಂಡವು. ನೀವು ಕೋಲಿಯೊಫೊರಾ ಎಂದೇ ಬರೆಯಿರಿ, ಪಕ್ಕದಲ್ಲಿ ಇನ್ನೊಂದನ್ನು ಸಮಾನನಾಮವಾಗಿ ಸೇರಿಸಿ.

ಸೆರ್ರಟೆಲ್ಲದ ಮುಂದೆ ಲಿನೇಯಸ್, 1761 ಎಂದು, ಅಂದರೆ ಮೊದಲು ಹೆಸರಿಟ್ಟ ವಿಜ್ಞಾನಿ ಮತ್ತು ವರ್ಷ, ಕಂಸದೊಳಗೆ ಇರುತ್ತದೆ, ಗಮನಿಸಿ. ಅವನು ಇಟ್ಟ ಕುಲದಿಂದ ಪ್ರಭೇದ ಈಗ ಬೇರೆ ಕುಲಕ್ಕೆ ಹೋಗಿದೆ ಎಂಬುದಕ್ಕೆ ಆ ಕಂಸವೇ ಗುರುತು. ಕುಲ ಬದಲಾದರೂ ಸೆರ್ರಟೆಲ್ಲ ಎಂಬ ಭಾಗ ಉಳಿಯುತ್ತದೆ, ಹುಡುಕುವಾಗ ಅದನ್ನೇ ಹಿಡಿದುಕೊಳ್ಳಿ.

ಹಿತ್ತಲಮನೆ:
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಕೌಂಟಿಯ ದಾಖಲೆಗಾರರು ಬಿಡಿಸಿ ನೋಡಿದರು: ಸೆರ್ರಟೆಲ್ಲ, ಗಂಡು. ಗೂಡನ್ನು ಭೂತಗನ್ನಡಿಯಲ್ಲಿ ನೋಡಿದಾಗ ಬೆನ್ನಿನುದ್ದಕ್ಕೂ ಎಲೆಯಂಚಿನ ಪುಟ್ಟ ಹಲ್ಲುಗಳು ಕಂಡವು. ಎಲೆಯ ಅಂಚನ್ನೇ ಕತ್ತರಿಸಿ ಹೊದ್ದುಕೊಂಡಿತ್ತು. ಪತಂಗ ಚುಚ್ಚಿದ ಸೂಜಿಗೇ ಗೂಡನ್ನೂ ಸೇರಿಸಿ, ಚೀಟಿಯಲ್ಲಿ ಬರ್ಚ್ ಎಂದು ಬರೆದಿಟ್ಟಿದ್ದೇನೆ.