ಐಸಿಯುನಲ್ಲಿ ಅಪ್ಪನಿಗೆ ನಿದ್ದೆಯೇ ಇಲ್ಲ. ನಿದ್ದೆ ಮಾತ್ರೆ ಕೊಡಬಹುದಲ್ವಾ?

ಪ್ರಶ್ನೆ: ಡಾಕ್ಟ್ರೇ, ನ್ಯುಮೋನಿಯಾ ಆಗಿ ಅಪ್ಪ ಐಸಿಯುನಲ್ಲಿದ್ದಾರೆ. ವಯಸ್ಸು 70. ರಾತ್ರಿಯೆಲ್ಲಾ ಎಚ್ಚರ, ಹಗಲು ತೂಕಡಿಕೆ. ನಿನ್ನೆ "ಗೋಡೆ ಮೇಲೆ ಇರುವೆ ಸಾಲು, ಒರೆಸೋ" ಅಂದರು. ಗೋಡೆ ಮೇಲೆ ಏನೂ ಇರಲಿಲ್ಲ. ನಿದ್ದೆ ಮಾತ್ರೆ ಕೇಳಿದರೆ ಅಲ್ಲಿನ ಡಾಕ್ಟರು ಬೇಡ ಅಂತಾರೆ. ಯಾಕೆ?

ಉತ್ತರ: ಅವರು ಹೇಳಿದ್ದು ಸರಿ ಇದೆ. ಇರುವೆ ಕಂಡಿದ್ದು ಬಹುಶಃ ಡೆಲಿರಿಯಂ, ಅಂದರೆ ಕಾಯಿಲೆಯ ಹೊತ್ತಲ್ಲಿ ದಿಢೀರನೆ ಆಗೋ ಮನಸ್ಸಿನ ಗೊಂದಲ. ಸೋಂಕು, ವಯಸ್ಸು, ಔಷಧಿ, ನಿದ್ದೆಗೇಡು ಎಲ್ಲಾ ಸೇರಿ ಹೀಗಾಗುತ್ತೆ. ಹುಚ್ಚಲ್ಲ, ಹೆದರಬೇಡಿ. ಅಲ್ಪ್ರಾಜೋಲಾಂ, ಲೋರಾಜೆಪಾಂ ಥರದ ಮಾತ್ರೆ ಕೊಟ್ಟರೆ ಇದು ಜಾಸ್ತಿಯಾಗಬಹುದು, ಉಸಿರಾಟವೂ ತಗ್ಗಬಹುದು. ಆದರೆ ಅಪ್ಪ ಮನೆಯಲ್ಲಿ ದಿನಾ ಇಂಥ ಮಾತ್ರೆ ತಗೊಳ್ತಿದ್ದರೆ, ಅಥವಾ ಕುಡಿಯುವ ಅಭ್ಯಾಸ ಇದ್ದರೆ, ಮುಚ್ಚಿಡದೆ ಇವತ್ತೇ ಹೇಳಿ. ದಿಢೀರನೆ ನಿಲ್ಲಿಸಿದರೂ ಹೀಗೇ ಆಗುತ್ತೆ, ಅದಕ್ಕೆ ಚಿಕಿತ್ಸೆ ಬೇರೆ.

ಅಲ್ಲಿ ನಿದ್ದೆ ಬರೋದಾದರೂ ಹೇಗೆ ಹೇಳಿ? ಗಂಟೆಗೊಮ್ಮೆ ಬಿಪಿ ಪಟ್ಟಿ ತೋಳು ಹಿಂಡುತ್ತೆ. ಡ್ರಿಪ್ ಪಂಪು ಕೂಗುತ್ತೆ. ನಡುರಾತ್ರಿ ನೆಬ್ಯುಲೈಸರ್, ಆಮೇಲೆ ಮಗ್ಗುಲು ಬದಲಿಸೋದು, ನಸುಕಿಗೆ ರಕ್ತ ತೆಗೆಯೋದು. ರಾತ್ರಿ ರೋಗಿಯ ಕೋಣೆಯಲ್ಲಿ ಸದ್ದು 30 ಡೆಸಿಬಲ್ ಸುತ್ತ ಇರಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಐಸಿಯುಗಳಲ್ಲಿ ಸಾಮಾನ್ಯವಾಗಿ 50 ದಾಟಿರುತ್ತೆ. ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿ ಮೈ ಒರೆಸೋದಂತೂ ಎಷ್ಟೋ ಕಡೆ ಶಿಫ್ಟ್ ಬದಲಾಗೋ ಮುಂಚೆ ಕೆಲಸ ಮುಗಿಯಲಿ ಅಂತ ಅಷ್ಟೇ. ಅದನ್ನು ಹಗಲಿಗೆ ಹಾಕಬಹುದಾ ಅಂತ ಸಿಸ್ಟರ್ ಹತ್ತಿರ ನಯವಾಗಿ ಕೇಳಿ.

ಅಪ್ಪನ ಕನ್ನಡಕ, ಕಿವಿಯ ಮೆಷೀನು ಇದ್ದರೆ ತಂದುಕೊಡಿ. ಒಳಗೆ ಬಿಟ್ಟಾಗ ಇವತ್ತು ಯಾವ ವಾರ, ತಾವೆಲ್ಲಿದ್ದಾರೆ ಅಂತ ಹೇಳಿ. ಇರುವೆ ವಿಷಯಕ್ಕೆ ವಾದ ಬೇಡ. ರಾತ್ರಿಗೆ ಇಯರ್‌ಪ್ಲಗ್, ಕಣ್ಣುಪಟ್ಟಿ ಹಾಕಬಹುದಾ ಕೇಳಿ. 2018ರ ಅಂತರರಾಷ್ಟ್ರೀಯ ಐಸಿಯು ಮಾರ್ಗಸೂಚಿಯೂ ಸದ್ದು, ಬೆಳಕು ತಗ್ಗಿಸಿ ಅಂತಲೇ ಹೇಳುತ್ತೆ. ಕಣ್ಣು ಕಟ್ಟಿದರೆ ಗಾಬರಿಯಾಗ್ತಾರೆ ಅಂದರೆ ಬಲವಂತ ಬೇಡ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಅಮ್ಮ ಐಸಿಯುನಿಂದ ಮನೆಗೆ ಬಂದು ಎರಡು ವಾರ ಆಯ್ತು. ಈಗಲೂ ರಾತ್ರಿ ಎದ್ದು ಕೂರ್ತಾರೆ.

ಉತ್ತರ: ಸರಿಹೋಗೋಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಬೆಳಿಗ್ಗೆ ಒಂದೇ ಹೊತ್ತಿಗೆ ಎಬ್ಬಿಸಿ, ಜಗಲಿಯಲ್ಲಿ ಬೆಳಕಿಗೆ ಕೂರಿಸಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು. ಆಸ್ಪತ್ರೆಯದೇ ಕೆಟ್ಟ ಕನಸು ಬೀಳ್ತಿದ್ದರೆ ಮುಂದಿನ ತಪಾಸಣೆಯಲ್ಲಿ ತಪ್ಪದೆ ಹೇಳಿ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಗುರುತು ಹಿಡಿಯದಿದ್ದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರಕೊಂಡು ಹೋಗಿ.