1918ರ ನವೆಂಬರ್ 11: ಕದನವಿರಾಮವೋ, ಶರಣಾಗತಿಯೋ, ಸಂಧಿಯೋ?

ಪ್ರಶ್ನೆ

ಮೊದಲ ಮಹಾಯುದ್ಧ ನಿಂತ ದಿನದ ಬಗ್ಗೆ ಕನ್ನಡದಲ್ಲಿ ಬರೆಯುವವರು ಕದನವಿರಾಮ, ಶರಣಾಗತಿ, ಸಂಧಿ ಮೂರನ್ನೂ ಬಳಸುತ್ತಾರೆ. ಗಡಿಯಲ್ಲಿ ನಾಲ್ಕು ದಿನ ಗುಂಡು ಹಾರದಿದ್ದರೂ ಪತ್ರಿಕೆಗಳಿಗೆ ಅದು ಕದನವಿರಾಮವೇ. ಅಂದಿನ ಒಪ್ಪಂದಕ್ಕೆ ಇಂಗ್ಲಿಷಿನಲ್ಲಿರುವ ಹೆಸರಾದ ಆರ್ಮಿಸ್ಟಿಸ್‌ಗೂ ಅದೇ ಪದ ಸಾಕೆ? ಶಾಲಾಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಕಾಲಾನುಕ್ರಮಣಿಕೆಗೆ ಬೇಕಾಗಿದೆ. ಯುದ್ಧ ಮುಗಿದದ್ದು 1918ರಲ್ಲೋ 1919ರಲ್ಲೋ ಎಂಬುದನ್ನೂ ತಿಳಿಸಿ.

ಉತ್ತರ 1

ಶರಣಾಗತಿಯನ್ನು ಮೊದಲು ಹೊಡೆದುಹಾಕಿ. ಅಂದು ಬೆಳಗಿನ ಜಾವ ಐದರ ಸುಮಾರಿಗೆ ಫ್ರಾನ್ಸಿನ ಕಾಂಪಿಯೇನ್ ಕಾಡಿನಲ್ಲಿ, ಮಿತ್ರಪಕ್ಷಗಳ ಸೇನಾಪತಿ ಮಾರ್ಷಲ್ ಫಾಶ್ ಅವರ ರೈಲು ಡಬ್ಬಿಯೊಳಗೆ ಸಹಿಯಾದದ್ದು ಷರತ್ತುಗಳುಳ್ಳ, ಅವಧಿ ಗೊತ್ತುಪಡಿಸಿದ ಒಂದು ಒಪ್ಪಂದ. ಜಾರಿಗೆ ಬಂದದ್ದು ಹನ್ನೊಂದು ಗಂಟೆಗೆ. ಅವಧಿ ಕೇವಲ 36 ದಿನ. ಡಿಸೆಂಬರ್, ಜನವರಿ, ಫೆಬ್ರವರಿಗಳಲ್ಲಿ ಅದನ್ನು ಮತ್ತೆ ಮತ್ತೆ ವಿಸ್ತರಿಸಬೇಕಾಯಿತು.

ಷರತ್ತುಗಳೇನೋ ಸೋತವನ ಮೇಲೆ ಹೇರಿದಂಥವೇ: 5,000 ಫಿರಂಗಿ, 25,000 ಮೆಷಿನ್‌ಗನ್, 1,700 ವಿಮಾನ, 5,000 ರೈಲು ಎಂಜಿನ್, 1,50,000 ರೈಲು ಡಬ್ಬಿ ಒಪ್ಪಿಸಬೇಕು, ಬೆಲ್ಜಿಯಂ, ಫ್ರಾನ್ಸ್, ಲಕ್ಸೆಂಬರ್ಗ್, ಅಲ್ಸಾಸ್-ಲೊರೇನ್‌ಗಳನ್ನು 15 ದಿನಗಳಲ್ಲಿ ತೆರವು ಮಾಡಬೇಕು. ಆದರೂ ಜರ್ಮನ್ ಸೈನ್ಯ ಸೆರೆಯಾಗದೆ, ಸಾಲುಗಟ್ಟಿ ಊರಿಗೆ ನಡೆಯಿತು. ಜರ್ಮನ್ ನಿಯೋಗದ ಮುಂದಾಳು ಎರ್ಜ್‌ಬರ್ಗರ್ ಸೇನಾಪತಿಯಲ್ಲ, ರಾಜಕಾರಣಿ. 'ಸೈನ್ಯ ಸೋಲಲಿಲ್ಲ, ಒಳಗಿನವರು ಬೆನ್ನಿಗೆ ಚೂರಿ ಹಾಕಿದರು' ಎಂಬ ಪ್ರಚಾರಕ್ಕೆ ಇದೇ ನೆಲೆ. 1919ರ ನವೆಂಬರಿನಲ್ಲಿ ಯುದ್ಧಕಾಲದ ಜರ್ಮನ್ ಸೇನಾ ಮುಖ್ಯಸ್ಥ ಹಿಂಡೆನ್‌ಬರ್ಗ್ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆಯೇ ಈ ಮಾತಾಡಿದರು. 1921ರಲ್ಲಿ ಎರ್ಜ್‌ಬರ್ಗರ್ ಕೊಲೆಯಾದರು. ಮುಂದೆ ನಾಜಿಗಳು ಆ ಪ್ರಚಾರದಿಂದಲೇ ಬೆಳೆ ತೆಗೆದರು. ಇಲ್ಲಿ 'ಶರಣಾಯಿತು' ಎಂದು ಬರೆದುಬಿಟ್ಟರೆ ಆ ಸುಳ್ಳು ಹುಟ್ಟಿದ್ದು ಹೇಗೆಂದು ಓದುವ ಮಗುವಿಗೆ ಹೊಳೆಯುವುದೇ ಇಲ್ಲ. 1943ರ ಜನವರಿಯಲ್ಲಿ ಕ್ಯಾಸಬ್ಲಾಂಕಾದಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 'ಬೇಷರತ್ ಶರಣಾಗತಿ'ಗೆ ಪಟ್ಟು ಹಿಡಿದದ್ದರ ಹಿಂದೆ ಈ ಅನುಭವವೂ ಇತ್ತು. ಶರಣಾಗತಿ ಎಂಬ ಪದ ಒಪ್ಪುವ ಜಾಗ, ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ 1945ರ ಮೇ. ಆಗ ಸಹಿ ಹಾಕಿದವರು ಯೋಡ್ಲ್, ಕೈಟೆಲ್‌ರಂಥ ಸೇನಾಧಿಕಾರಿಗಳೇ.

ಇನ್ನು ಸಂಧಿ. ನಮ್ಮ ಶಾಸನಗಳ ಸಂಧಿವಿಗ್ರಹಿಯನ್ನು, ಅಂದರೆ ಯುದ್ಧ-ಶಾಂತಿಗಳ ಹೊಣೆ ಹೊತ್ತ ಅಧಿಕಾರಿಯನ್ನು, ನೆನೆದರೆ ಸೊಗಸಾದ ಪದ. ವಿಗ್ರಹವೆಂದರೆ ಯುದ್ಧ, ಸಂಧಿಯೆಂದರೆ ಅದರ ಎದುರು. ಹಾಗಾಗಿಯೇ ಅದನ್ನು ಪೂರ್ಣ ಶಾಂತಿ ಒಪ್ಪಂದಕ್ಕೆ, ಅಂದರೆ 1919ರ ಜೂನ್ 28ರ ವರ್ಸೇಲ್ಸ್‌ಗೆ ಮೀಸಲಿಡುವುದು ಮೇಲು.

ಕದನವಿರಾಮ ತಪ್ಪಲ್ಲ, ಸಡಿಲ. ಗುಂಡಿನ ಸದ್ದು ನಿಂತಿತು ಎನ್ನುವುದಷ್ಟೇ ಅದರಲ್ಲಿ ಕೇಳುತ್ತದೆ. 26ನೆಯ ಷರತ್ತಿನಂತೆ ಜರ್ಮನಿಯ ಸುತ್ತಲಿನ ನೌಕಾ ದಿಗ್ಬಂಧನ ಮಾತ್ರ ಮುಂದುವರಿದು, ಪೂರ್ತಿ ತೆರವಾದದ್ದು 1919ರ ಜುಲೈನಲ್ಲಿ. ಆ ಚಳಿಗಾಲದ ಹಸಿವನ್ನು 'ವಿರಾಮ' ಎಂಬ ಹಗುರ ಪದ ಮುಚ್ಚಿಬಿಡುತ್ತದೆ. ನನ್ನ ಸಲಹೆ 'ಯುದ್ಧವಿರಾಮ ಒಪ್ಪಂದ'. ಕೊರಿಯಾದ 1953ರ ಜುಲೈ 27ಕ್ಕೂ ಇದು ಹೊಂದುತ್ತದೆ. ಅಲ್ಲಿ ಶಾಂತಿ ಒಪ್ಪಂದ ಇನ್ನೂ ಆಗಿಲ್ಲ.

ಉತ್ತರ 2

ಮೇಲಿನದಕ್ಕೆ ಸಮ್ಮತಿ, ಒಂದು ತಕರಾರಿನೊಡನೆ. ನವೆಂಬರ್ 11 ಜರ್ಮನಿಯೊಡನೆ ಆದದ್ದು. ತುರ್ಕರೊಡನೆ ಯುದ್ಧವಿರಾಮ ಒಪ್ಪಂದವಾದದ್ದು ಅಕ್ಟೋಬರ್ 30ರಂದು, ಲೆಮ್ನೋಸ್ ದ್ವೀಪದ ಮುದ್ರೋಸ್ ಬಂದರಿನಲ್ಲಿ. ಕನ್ನಡದ ಮಕ್ಕಳಿಗೆ ಇದನ್ನು ಹೇಳಲೇಬೇಕು. ಮೈಸೂರು ಸಂಸ್ಥಾನದ ಕುದುರೆ ಸೈನಿಕರಾದ ಲ್ಯಾನ್ಸರ್‌ಗಳು ಕಾದಿದ್ದು ತುರ್ಕರ ವಿರುದ್ಧ: ಸೆಪ್ಟೆಂಬರ್ 23ಕ್ಕೆ ಹೈಫಾ, ಅಕ್ಟೋಬರ್ 26ಕ್ಕೆ ಅಲೆಪ್ಪೊ ಬಳಿಯ ಹರಿತಾನ್. ಅಲ್ಲಿಂದ ನಾಲ್ಕೇ ದಿನಕ್ಕೆ ಮುದ್ರೋಸ್‌ನಲ್ಲಿ ಸಹಿ ಬಿತ್ತು. ತುರ್ಕಿಯೊಡನೆ ಕೊನೆಗೆ ಊರ್ಜಿತವಾದ ಶಾಂತಿ ಒಪ್ಪಂದವಾದರೋ 1923ರ ಲೊಸಾನ್. 1920ರ ಸೆವ್ರ್ ಒಪ್ಪಂದ ಊರ್ಜಿತವಾಗಲೇ ಇಲ್ಲ.

ವರ್ಷದ ಪ್ರಶ್ನೆ: 'ಕಾಳಗ ನಿಂತದ್ದು 1918, ಜರ್ಮನಿಯೊಡನೆ ಶಾಂತಿ ಒಪ್ಪಂದಕ್ಕೆ ಸಹಿ 1919, ಅದು ಜಾರಿಗೆ ಬಂದದ್ದು 1920ರ ಜನವರಿ 10' ಎಂದು ಮೂರು ಸಾಲು ಕೊಡಿ. ಬ್ರಿಟಿಷರ ವಿಜಯ ಪದಕದ ಮೇಲೆ ಕೆತ್ತಿರುವುದು 1914–1919 ಎಂದೇ. ಹಳೆಯ ಪದಕ ನೋಡಿದ ಮಗು ಪುಸ್ತಕದಲ್ಲಿ ತಪ್ಪಿದೆ ಎಂದುಕೊಳ್ಳಬಾರದಲ್ಲ.