ಸಹಾಯ ಬೇಕು: ತಂಗಿಗೆ ಪಿಸಿಒಎಸ್, ಮಾತ್ರೆ ಹೊಟ್ಟೆಗೆ ಆಗ್ತಿಲ್ಲ

ಅಕ್ಕಂದಿರೇ, ನನ್ನ ತಂಗಿಗೆ 22 ವರ್ಷ. ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ ಇದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತೆ. ಗದ್ದದಲ್ಲಿ ಒರಟು ಕೂದಲು. ಕತ್ತಿನ ಹಿಂದೆ ಕಪ್ಪು ಪಟ್ಟಿ. ಕೊಳೆ ಅಂತ ಅಮ್ಮ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಿದ್ದರು, ಪಾಪ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಹಾಗಾಗುತ್ತೆ ಅಂದರು ಡಾಕ್ಟರ್. ಥೈರಾಯ್ಡ್ ನಾರ್ಮಲ್ ಇದೆ.

ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಮಾತ್ರೆ ಕೊಟ್ಟಿದ್ದಾರೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲಿ ಅಂತ. ಊಟದ ಜೊತೆಗೇ ತಗೊಂಡರೂ ಹೊಟ್ಟೆ ತೊಳಸುತ್ತೆ, ಭೇದಿ ಆಗುತ್ತೆ. ನಿಮಗೂ ಹೀಗಾಗಿತ್ತಾ? ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆಗೆ ಬದಲಿಸಿದವರು ಇದ್ದೀರಾ? ಡಾಕ್ಟರನ್ನು ಕೇಳೋಣ ಅಂತಿದ್ದೀನಿ.

ತೂಕ ಶೇ. 5ರಷ್ಟು ಇಳಿದರೂ ಮುಟ್ಟು ಸುಧಾರಿಸಬಹುದಂತೆ. ಆದರೆ ಅವಳಿರೋದು ಹಾಸ್ಟೆಲಿನಲ್ಲಿ. ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಮತ್ತೆ ಅನ್ನ. ಅಲ್ಲಿ ಏನು ಬದಲಿಸಬಹುದು?

"ಮದುವೆಯಾದ್ರೆ ಸರಿಹೋಗುತ್ತೆ" ಅನ್ನೋ ಸಲಹೆ ಮಾತ್ರ ದಯವಿಟ್ಟು ಬೇಡ. ಅದನ್ನು ಕೇಳಿ ಕೇಳಿ ಅವಳು ತುಂಬಾ ನೊಂದಿದ್ದಾಳೆ.